ಕರೆಂಟಿಗೆ ಎರಡಡಿ ಜಾಗ

ಕಳೆದ ವಾರ ಮಳವಳ್ಳಿಯಲ್ಲಿ ಒಂದು ಖಾಲಿ ಸೈಟಿನ ಮೇಲೆ ಟೇಪು ಹಿಡಿದು ನಿಂತಿದ್ದೆ. ಮನೆ ಕಟ್ಟುವವರು ಕೊಟ್ಟ ಪ್ಲಾನು ಸೈಟಿಗೆ ಹೊಂದುತ್ತದೆಯೋ ಇಲ್ಲವೋ ನೋಡಿ ವರದಿ ಬರೆಯುವುದು ಈಗ ಪುರಸಭೆಯಲ್ಲಿ ನನ್ನ ನೌಕರಿ. ಪಕ್ಕದ ಹೊಸ ಗೋಡೆಗೆ ಯಾರೋ ನೀರು ಹೊಡೆಯುತ್ತಿದ್ದರು. ಹಸಿ ಸಿಮೆಂಟಿನ ವಾಸನೆಯ ಜೊತೆಗೆ ಎಲ್ಲಿಂದಲೋ ಒಣಹುಲ್ಲು, ಸಗಣಿ, ನೆನೆಸಿದ ಹಿಂಡಿಯ ವಾಸನೆಯೂ ಬಂತು. ಈ ಎರಡೂ ಒಟ್ಟಿಗೆ ಮೂಗಿಗೆ ಬಡಿದರೆ ನನಗೆ ನಗು ಬಂದುಬಿಡುತ್ತದೆ, ಏನು ಮಾಡಿದರೂ ತಡೆಯಲಾಗುವುದಿಲ್ಲ. ಸೈಟಿನ ಯಜಮಾನರು ಸ್ವಲ್ಪ ಗಾಬರಿಯಾಗಿ, "ಕರೆಂಟು ಈ ಮೂಲೆಗೆ ಬತ್ತದೆ ಮೇಡಂ," ಎಂದು ಬೆರಳು ತೋರಿಸಿದರು. "ಯಾವ ಕರೆಂಟು?" ಎಂದು ಕೇಳಿಬಿಟ್ಟೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಲೈಟ್ ಉರಿಯೋ ಕರೆಂಟು," ಎಂದರು.

ಅವರದೇನೂ ತಪ್ಪಿಲ್ಲ. ಅವರಿಗೆ ಗೊತ್ತಿರುವುದು ಒಂದೇ ಕರೆಂಟು, ನನಗೆ ಎರಡು ಗೊತ್ತು. ಎರಡನೆಯದರ ಪರಿಚಯವಾದದ್ದು ನಾನು ಮಂಡ್ಯದಲ್ಲಿ ಡಿಪ್ಲೊಮಾ ಮುಗಿಸಿ ಮದ್ದೂರಿನ ಮರಿಸ್ವಾಮಿ ಸಾರ್ ಆಫೀಸಿಗೆ ಸೇರಿದ ವರ್ಷ, ಯುಗಾದಿ ಕಳೆದು ಆಷಾಢ ಬರುವುದರೊಳಗೆ.

ಎಳನೀರು ಮಾರುಕಟ್ಟೆಯ ಹತ್ತಿರ ಒಂದು ಮಹಡಿಯ ಮೇಲೆ ಸಾರ್ ಆಫೀಸು. ಮನೆ ಕಟ್ಟುವವರಿಗೆ ಪ್ಲಾನು ಬರೆದು, ಪುರಸಭೆಯ ಪರವಾನಗಿಗೆ ಹಾಕಿ, ಅದು ಕೈಗೆ ಬರುವ ತನಕ ಹಿಂದೆ ಬೀಳುವುದು ಅವರ ಕಸುಬು. ಜೀವಮಾನವಿಡೀ ಕೈಯಲ್ಲೇ ಪ್ಲಾನು ಎಳೆದವರು. ಯಾವ ಸೈಟಿಗೆ ಸುತ್ತಲೂ ಎಷ್ಟು ಜಾಗ ಬಿಡಬೇಕು, ಎಷ್ಟು ಎತ್ತರ ಹೋಗಬಹುದು, ಎಲ್ಲ ರೂಲ್ಸೂ ಬಾಯಿಪಾಠ. ಆದರೆ ಅಷ್ಟರಲ್ಲಿ ಅರ್ಜಿಯೆಲ್ಲ ಕಂಪ್ಯೂಟರಿನಲ್ಲೇ ಹಾಕಬೇಕೆಂದು ಬಂದಿತ್ತು. ಮೌಸು ಮಾತ್ರ ಅವರ ಕೈಗೆ ಹತ್ತಲಿಲ್ಲ. ಹಾಗಾಗಿ ನಾನು. ನಿಡಘಟ್ಟದಿಂದ ಬೆಳಗಿನ ಬಸ್ಸಿಗೆ ಬಂದು ಕಿಟಕಿ ಪಕ್ಕದ ಮೇಜಿನ ಮುಂದೆ ಕೂತರೆ, ಸಾಯಂಕಾಲದವರೆಗೂ ಗೋಡೆ, ಬಾಗಿಲು, ಕಿಟಕಿ.

ಸ್ವಲ್ಪ ಜಂಬವೂ ಇತ್ತು ಅನ್ನಿ. ಕಂಪ್ಯೂಟರು ಬಲ್ಲವಳು ಆ ಆಫೀಸಿನಲ್ಲಿ ನಾನೊಬ್ಬಳೇ. ರೂಲ್ಸಿನ ಪ್ರಕಾರ ಪ್ಲಾನಿನಲ್ಲಿ ಕಾರು ನಿಲ್ಲುವ ಜಾಗ ತೋರಿಸಬೇಕಲ್ಲ, ಅದಕ್ಕೊಂದು ಕಾರಿನ ಚಿತ್ರ ಮಾಡಿಟ್ಟುಕೊಂಡಿದ್ದೆ. ಎಲ್ಲರ ಮನೆ ಮುಂದೆಯೂ ಅದನ್ನೇ ಅಂಟಿಸುತ್ತಿದ್ದೆ. ಸೈಕಲ್ಲೂ ಇಲ್ಲದವರು ಪ್ಲಾನು ನೋಡಿ, "ಇದ್ಯಾರ್ದವ್ವ ಕಾರು?" ಎಂದು ಕೇಳಿದರೆ, "ನಿಮ್ಮದೇ," ಎನ್ನುತ್ತಿದ್ದೆ. ಅವರು ನಾಚಿಕೊಂಡು ನಗುತ್ತಿದ್ದರು.

ಕೆಂಪಮ್ಮ ಬಂದದ್ದು ಅಂಥ ಒಂದು ಸುಡುಬಿಸಿಲಿನ ಮಧ್ಯಾಹ್ನ. ವೈದ್ಯನಾಥಪುರದ ಕಡೆಗೆ ಹೋಗುವ ರಸ್ತೆಯಲ್ಲಿ ಅವರದೊಂದು ಹಳೇ ಹೆಂಚಿನ ಮನೆ. ಅದನ್ನು ಕೆಡವಿ ಹೊಸದು ಕಟ್ಟಬೇಕು. ಕೈಯಲ್ಲಿ ಹಾಲಿನ ಕ್ಯಾನು, ಸೊಂಟದಲ್ಲಿ ಎಲೆಅಡಿಕೆ ಚೀಲ, ಐವತ್ತೈದರ ಆಸುಪಾಸಿನ ಗಟ್ಟಿ ಹೆಂಗಸು. ಗಂಡ ಜವರಯ್ಯ ಹಿಂದೆ ನಿಂತು ತಲೆಯಾಡಿಸುವುದಷ್ಟೇ, ಮಾತೆಲ್ಲ ಇವರದು. ಅಡಿಗೆಮನೆ ಪೂರ್ವಕ್ಕಿರಬೇಕು, ದೇವರಮನೆಗೆ ಕಿಟಕಿ ಬೇಕು, ಹಾಲ್ ದೊಡ್ಡದಾಗಿರಬೇಕು. ಹ ಕಾರ ಅವರ ಬಾಯಲ್ಲಿ ನಿಲ್ಲುತ್ತಿರಲಿಲ್ಲ. ಕೂರುವ ಹಾಲೂ 'ಆಲು', ಕುಡಿಯುವ ಹಾಲೂ 'ಆಲು'. ಎಲ್ಲ ಬರೆದುಕೊಂಡೆ. ವಾರ ಬಿಟ್ಟು ಬಂದಾಗ ಪ್ಲಾನು ತೋರಿಸಿದೆ. ಬೆರಳಿಟ್ಟು ಒಂದೊಂದೇ ಕೋಣೆ ಕೇಳುತ್ತಾ ಬಂದರು. ಆಮೇಲೆ ಕೇಳಿದ ಪ್ರಶ್ನೆಯೇ ಈ ಕಥೆಗೆಲ್ಲ ಮೂಲ.

"ಎಲ್ಲಾ ಸರಿ ಕಣವ್ವ. ಕರೆಂಟ್ಗೆ ಜಾಗ ಎಲ್ ಮಡ್ಗಿದ್ದೀಯೆ?"

"ಇಲ್ಲಿದೆ ನೋಡಿ, ಮೆಟ್ಟಿಲ ಕೆಳಗೆ." ಮೀಟರ್ ಬೋರ್ಡಿನ ಗುರುತು ತೋರಿಸಿದೆ.

"ಎಸ್ಟ್ ಅಗ್ಲ?"

"ಎರಡಡಿ."

"ಎರಡಡೀಲಿ ಎಂಗ್ ನಿಂತ್ಕತದೆ?"

"ನಿಲ್ಲೋದೇನು, ಗೋಡೆಗೆ ಮೊಳೆ ಹೊಡೆದು ನೇತು ಹಾಕ್ತಾರೆ. ಮೇಲೊಂದು ಡಬ್ಬ ಮುಚ್ಚಿಬಿಡ್ತಾರೆ."

ಕೆಂಪಮ್ಮ ಗಂಡನ ಮುಖ ನೋಡಿದರು. ಗಂಡ ನೆಲ ನೋಡಿದರು.

"ಮತ್ತೆ ನಾನು ಒತ್ತಾರೆ ಬೈಗು ಮುಟ್ಬೇಕಲ್ಲವ್ವ?"

"ನೀವು ಮುಟ್ಟಲೇಬೇಡಿ. ತಿಂಗಳಿಗೊಂದು ಸಲ ಅವರೇ ಬಂದು ನೋಡ್ಕೊಂಡು ಹೋಗ್ತಾರೆ."

ಅವರು ಎಲೆಅಡಿಕೆಯ ಬಾಯಿ ತುಂಬ ನಕ್ಕರು. "ಆಗ್ಲಿ ಬುಡು, ನೀನೂ ನಮ್ ಕಡೆ ಉಡ್ಗೀನೆ," ಎಂದು ಬೆನ್ನಿಗೊಂದು ಗುದ್ದಿ, ಹೆಬ್ಬೆಟ್ಟೊತ್ತಿ ಹೋದರು. ನಾನು ತಮಾಷೆ ಮಾಡುತ್ತಿದ್ದೇನೆ ಎಂದುಕೊಂಡರಂತೆ. ನಮ್ಮ ಕಡೆ ಮುಖ ಗಂಟಿಕ್ಕಿಕೊಂಡೇ ತಮಾಷೆ ಮಾಡುವುದಲ್ಲವೇ. ಜಾಗದ ವಿಷಯ ಹೇಗೂ ಈ ಹುಡುಗಿಗೆ ಗೊತ್ತಿದೆ, ಎಲ್ಲೋ ಮಾಡಿರುತ್ತಾಳೆ ಎಂದು ನಂಬಿ ಹೋಗಿದ್ದರು.

ಸಾರ್ ಅವತ್ತು ಒಂದು ದೊಡ್ಡ ಮನಸ್ಸು ಮಾಡಿದರು. ಪ್ಲಾನಿನ ಮೂಲೆಯಲ್ಲಿ ಬರೆದವರ ಹೆಸರು ಹಾಕುವ ಚೌಕದಲ್ಲಿ ಮೊದಲ ಸಲ ನನ್ನ ಹೆಸರು ಹಾಕಲು ಹೇಳಿದರು. ಕೆಳಗೆ ಸಹಿ ಅವರದೇ, ಮೇಲೆ ಹೆಸರು ನನ್ನದು. 'ಸವಿತ' ಎಂದು ಟೈಪು ಮಾಡಿ, ಅಕ್ಷರ ದೊಡ್ಡದು ಮಾಡಿ, ಅತಿಯಾಯಿತೆಂದು ಚಿಕ್ಕದು ಮಾಡಿ, ಕಡೆಗೆ ಅರ್ಜಿ ಹಾಕಿದೆ. ಕಂಪ್ಯೂಟರಿನ ಪರೀಕ್ಷೆಯಲ್ಲಿ ಒಂದೂ ಕೆಂಪು ಗುರುತು ಬರಲಿಲ್ಲ. ಸಾರ್ ಎಳನೀರು ಕುಡಿಸಿದರು.

ಮುಂದಿನದು ಸೈಟಿನ ತಪಾಸಣೆ. ಪುರಸಭೆಯಲ್ಲಿದ್ದ ಇಂಜಿನಿಯರ್ ಮೇಡಂ ಧಾರವಾಡದ ಕಡೆಯವರು, ಬಂದು ಇನ್ನೂ ನಾಲ್ಕೇ ತಿಂಗಳಾಗಿತ್ತು. ನಮ್ಮವರು ಪ್ರೀತಿಯಿಂದ ಮಾತಾಡಿದರೂ ಜಗಳಕ್ಕೆ ಬಂದರೇನೋ ಎಂದು ಒಂದು ಹೆಜ್ಜೆ ಹಿಂದೆ ಸರಿಯುತ್ತಿದ್ದರು. ಹಿಂದಿನ ದಿನ ಮಳೆ ಬಿದ್ದು ಮಣ್ಣಿನ್ನೂ ಹಸಿಯಾಗಿತ್ತು. ಹಳೇ ಮನೆ ಕೆಡವಿ ಆಗಿತ್ತು, ಕೆಂಪಮ್ಮನ ಸಂಸಾರ ಎದುರಿಗೆ ಬಾಡಿಗೆ ಕೋಣೆಯಲ್ಲಿತ್ತು. ನಾನು ಟೇಪಿನ ಒಂದು ತುದಿ ಹಿಡಿದೆ, ಮೇಡಂ ಇನ್ನೊಂದು ತುದಿ. ಅಳತೆಯೆಲ್ಲ ಸರಿಹೋಯಿತು. ಅವರು ಪುಸ್ತಕ ಮುಚ್ಚುವಷ್ಟರಲ್ಲಿ ಕೆಂಪಮ್ಮ ಅಡ್ಡ ಬಂದರು.

"ಮೇಡಮ್ಮ, ಈ ಉಡ್ಗಿ ನಮ್ ಕರೆಂಟ್ನ ಗೋಡೆಗೆ ನೇತಾಕ್ಬೇಕು ಅಂತಾಳೆ. ನೀವೇ ಏಳಿ."

"ಹೌದ್ರೀ, ಗ್ವಾಡಿಗೇ ಹಾಕಬೇಕು," ಎಂದರು ಮೇಡಂ. "ಕೆಳಗ ಇಟ್ಟರ ಮಳಿ ನೀರು ಬಡೀತದ."

"ನೇತಾಕುದ್ರೆ ಸತ್ತೋಗಕಿಲ್ವ?"

"ಯಾರು?"

"ಕರೆಂಟು."

ಮೇಡಂ ನನ್ನ ಮುಖ ನೋಡಿದರು. ನಾನು ಕೆಂಪಮ್ಮನ ಮುಖ ನೋಡಿದೆ. ಕೆಂಪಮ್ಮ ಪಕ್ಕದ ಹೊಂಗೆ ಮರದ ಕಡೆ ತಿರುಗಿ, "ಕರೆಂಟೂ," ಎಂದು ಕೂಗಿದರು. ಮರದ ನೆರಳಲ್ಲಿ ಮಲಗಿದ್ದ ಕಪ್ಪು ಬಿಳುಪು ಸೀಮೆಹಸು ತಲೆ ಎತ್ತಿ, ಕಿವಿ ಬಡಿದು, ಅಂಬಾ ಎಂದಿತು. ಏಳು ತಿಂಗಳ ಗಬ್ಬದ ಹಸು, ಹಾಲಿನ್ನೂ ಬತ್ತಿರಲಿಲ್ಲ.

ಗಾಳಿಮಳೆಗೆ ಕಂಬ ಬಿದ್ದು ಮೂರು ದಿನ ಕತ್ತಲಲ್ಲಿದ್ದಾಗ ಹುಟ್ಟಿದ ಕರುವಂತೆ. ಅದು ನೆಲಕ್ಕೆ ಬಿದ್ದದ್ದಕ್ಕೂ ಮನೆಯಲ್ಲಿ ದೀಪ ಹತ್ತಿದ್ದಕ್ಕೂ ಸರಿಹೋಯಿತಂತೆ. ಆವತ್ತಿನಿಂದ ಅದು ಕರೆಂಟು. ಜವರಯ್ಯ ಅವತ್ತು ಮೊದಲ ಸಲ ಬಾಯಿಬಿಟ್ಟು ಇಷ್ಟನ್ನೂ ಹೇಳಿದರು. ಮೇಡಂ ಟೇಪು ಬಿಟ್ಟು, ಇಟ್ಟಿಗೆ ರಾಶಿಯ ಮೇಲೆ ಕೂತು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನಾನೂ ನಕ್ಕೆ. ನಕ್ಕು ಮುಗಿದ ಮೇಲೆ ಪ್ಲಾನು ಬಿಚ್ಚಿ ನೋಡಿದೆ. ಹಸುವಿಗೆ ನನ್ನ ಪ್ಲಾನಿನಲ್ಲಿ ಒಂದಂಗುಲ ಜಾಗವೂ ಇರಲಿಲ್ಲ.

"ಕಾರ್ ಬರ್ದಿದ್ದೀಯಲ್ಲ, ಅಲ್ಲೇ ಕಟ್ಕತೀನಿ ಬುಡು," ಎಂದರು ಕೆಂಪಮ್ಮ.

ಮೇಡಂ ಕಣ್ಣೊರೆಸಿಕೊಂಡು ಎದ್ದರು. "ಕಾರಿಂದು ಕಾರಿಗೇ ಬಿಡಬೇಕ್ರೀ. ಸುತ್ತಲಿನ ಜಾಗಾನೂ ಖಾಲಿನೇ ಇರಬೇಕು. ನಾಳೆ ಯಾರರೆ ದೂರು ಕೊಟ್ಟರ ನಾನೇ ಬಂದು ಬಿಚ್ಚಸಬೇಕಾಗ್ತದ."

ಹಾಗಾದರೆ ಹಸುವನ್ನು ನಿಡಘಟ್ಟದಲ್ಲಿರುವ ತಮ್ಮನ ಮನೆಗೆ ಕಳಿಸುವುದೊಂದೇ ದಾರಿ ಎಂದರು ಜವರಯ್ಯ. ನಮ್ಮೂರೇ ಅಲ್ಲವೇ, ದಿನಾ ನಾನೇ ಹೋಗಿ ನೋಡುತ್ತೇನೆ ಎಂದೆ. ಕೆಂಪಮ್ಮನ ಮುಖದಲ್ಲಿ ನಗು ಹೋಗಿತ್ತು. "ನನ್ ಮೊಕ ನೋಡ್ದೆ ಅವ್ಳು ಆಲ್ ಬುಡಾಕಿಲ್ಲ ಕಣವ್ವ. ಗಬ್ಬ ಬ್ಯಾರೆ. ಅವ್ಳಿಗಿಲ್ದಿದ್ ಮನೆ ನಂಗೂ ಬ್ಯಾಡ. ಅರ್ಜಿ ವಾಪಸ್ ತಕ," ಎಂದು ಸೆರಗು ಕೊಡವಿ ಹೋಗಿ ಹಸುವಿನ ಪಕ್ಕ ಕೂತುಬಿಟ್ಟರು.

ಆಷಾಢಕ್ಕೆ ಹನ್ನೊಂದು ದಿನ ಇತ್ತು. ಆಷಾಢದಲ್ಲಿ ಗುದ್ದಲಿ ಪೂಜೆ ಮಾಡುವಂತಿಲ್ಲ. ಅದು ದಾಟಿದರೆ ಶ್ರಾವಣ, ಹಸು ಈಯುವ ಹೊತ್ತು. ಈಗಲೇ ಪಾಯ ಹಾಕಿದರೆ ಅಷ್ಟರೊಳಗೆ ಒಂದು ಕೋಣೆಯನ್ನಾದರೂ ಮೊದಲು ಎಬ್ಬಿಸಿಕೊಡುತ್ತೇನೆ ಎಂದು ಮೇಸ್ತ್ರಿ ಮಾತು ಕೊಟ್ಟಿದ್ದ. ಮೇಡಂ ನನ್ನನ್ನು ಪಕ್ಕಕ್ಕೆ ಕರೆದರು. "ಪ್ಲಾನು ವಾಪಸ್ ಕಳಸ್ತೀನಿ, ತಿದ್ದಿ ಹಾಕ್ರಿ. ಕಟ್ಟಡದ ಒಳಗ ಒಂದು ಕ್ವಾಣಿ ತೋರಸ್ರಿ, ಗಾಳಿ ಬೆಳಕು ಇರಲಿ, ಗಂಜಲಾ ಹೋಗಾಕ ಮೋರಿ ಇರಲಿ, ಅಡಿಗಿಮನಿಗೆ ದೂರ ಇರಲಿ. ನೋಡ್ತೀನಿ. ಆದರ ದನಾ ಇದ್ದರ ದನಾ ಅಂತ ಬರೀರಿ. ಮತ್ತೊಂದು ಬರ್ದು ದನಾ ಕಟ್ಟೂದು ಬ್ಯಾಡ."

ಮರುದಿನ ಬೆಳಗ್ಗೆ ಹಾಲು ಕರೆಯುವ ಹೊತ್ತಿಗೆ ಟೇಪು ಹಿಡಿದು ಹೊಂಗೆ ಮರದ ಕೆಳಗೆ ಹೋದೆ. ಕೆಂಪಮ್ಮ ಮುಖ ತಿರುಗಿಸಿಕೊಂಡೇ ಇದ್ದರು. "ಅವ್ವ, ಕರೆಂಟಿನ ಅಳತೆ ಬೇಕು," ಎಂದೆ. ಆಗ ತಿರುಗಿದರು. ಹೊಟ್ಟೆಯ ಹತ್ತಿರ ಅಗಲ ಎರಡು ಅಡಿ ಏಳು ಅಂಗುಲ. ಮೂತಿಯಿಂದ ಬಾಲದ ಬುಡಕ್ಕೆ ಏಳೂವರೆ ಅಡಿ. ಬಾಲದಿಂದ ಎರಡೇಟು ಬಿತ್ತು, ಒಂದು ನನ್ನ ಮುಖಕ್ಕೇ. ನಾಲ್ಕು ಗೋಡೆ ಎಳೆದರೆ ಮನೆ ಎಂದುಕೊಂಡಿದ್ದವಳು, ಒಳಗೆ ಇರುವವರನ್ನು ಅಳೆದದ್ದು ಅದೇ ಮೊದಲು.

ಮೊದಲು ಹಿಂಬದಿಯಲ್ಲಿ ಕೋಣೆ ಬರೆದೆ. ಮನೆಗೂ ಕಾಂಪೌಂಡಿಗೂ ನಡುವೆ ಬಿಟ್ಟ ಓಣಿ ಮೂರೂಕಾಲು ಅಡಿ, ಹಸು ಎರಡೂವರೆ ಚಿಲ್ಲರೆ, ಸಲೀಸಾಗಿ ಹೋಗುತ್ತದೆ. ಕೆಂಪಮ್ಮ ಹಾಳೆಯ ಮೇಲೆ ಬೆರಳು ಓಡಿಸುತ್ತಾ ಬಂದು ಮೂಲೆಯಲ್ಲಿ ನಿಲ್ಲಿಸಿದರು. "ಇಲ್ ಎಂಗ್ ತಿರುಕ್ಕತಾಳೆ? ಮೂತಿ ಗೋಡೆಗ್ ಗುದ್ದುತದೆ, ತಿಕ ಓಣೀಲಿರ್ತದೆ. ನಿನ್ ಕಾರ್ ತಿರುಗ್ತದಾ ಇಲ್ಲಿ?" ತಿರುಗುವುದಿಲ್ಲ. ಇಷ್ಟು ಸಣ್ಣ ವಿಷಯ ಡಿಪ್ಲೊಮಾ ಓದಿದವಳಿಗೆ ಹೊಳೆಯಲಿಲ್ಲ.

ಗೇಟಿನಿಂದ ನೇರ ಒಳಗೆ ಹೋಗುವ ಜಾಗ ಅಂದರೆ ಒಂದೇ, ಮುಂದಿನ ಹಾಲ್. ಅದರಲ್ಲಿ ಅರ್ಧ ಕತ್ತರಿಸಬೇಕು, ಬಂದವರಿಗೆ ಮೊದಲು ಕಾಣುವುದೇ ಹಸು. ಹೇಳಲು ನನಗೇ ಹಿಂಜರಿಕೆ. ದೊಡ್ಡ ಹಾಲು ಅವರ ಎಷ್ಟೋ ವರ್ಷದ ಆಸೆ. ಕೆಂಪಮ್ಮ ಯೋಚನೆಯನ್ನೂ ಮಾಡಲಿಲ್ಲ.

"ಕಾಣ್ಲಿ ಬುಡು. ಅವ್ಳ ಆಲ್ನಿಂದ್ಲೆ ಕಟ್ತಿರೋ ಮನೆ. ಕೂರೋ ಆಲು ಕಮ್ಮಿ ಮಾಡು ಕಣವ್ವ, ಕರಿಯೋ ಆಲು ಕಮ್ಮಿ ಆಗ್ಬಾರ್ದು ಅಸ್ಟೆಯ."

ನಾಲ್ಕಡಿ ಅಗಲದ ಬಾಗಿಲು, ಎದುರಾಬದುರು ಎರಡು ಕಿಟಕಿ, ನೆಲಕ್ಕೆ ಇಳಿಜಾರು, ಮೂಲೆಯಲ್ಲಿ ಮೋರಿ. ಬರೆದು ಮುಗಿಸಿದಾಗ, ಕೋಣೆಗೆ ಒಂದು ಹೆಸರು ಹಾಕಬೇಕಿತ್ತು. ಕಂಪ್ಯೂಟರು ತಾನೇ ಒಂದು ಪಟ್ಟಿ ಕೊಡುತ್ತದೆ, ಮಲಗುವ ಕೋಣೆ, ಸ್ಟೋರು, ಪೂಜೆ ಹೀಗೆ. ದನದ್ದು ಅದರಲ್ಲಿ ಇಲ್ಲ. ಪಟ್ಟಿಯ ಕೊನೆಯ ಕಡೆ ವಿದ್ಯುತ್ ಕೋಣೆ ಇತ್ತು. ಮರಿಸ್ವಾಮಿ ಸಾರ್ ಕನ್ನಡಕ ತೆಗೆದು, ನನ್ನ ಹಿಂದೆ ಬಗ್ಗಿ, ಮೆಲ್ಲಗೆ ಹೇಳಿದರು.

"ಕರೆಂಟ್ ರೂಮು ಅಂತ ಹಾಕ್ಬುಡಮ್ಮ. ಸುಳ್ಳೇನಲ್ಲವಲ್ಲ."

ನಿಜ, ಸುಳ್ಳಲ್ಲ. ಕಂಪ್ಯೂಟರು ಒಂದೇ ಉಸಿರಿಗೆ ಪಾಸು ಮಾಡುತ್ತದೆ. ಆಷಾಢಕ್ಕೆ ಎಂಟು ದಿನ. ಬೆರಳು ಮೌಸಿನ ಮೇಲೇ ಇತ್ತು. ಆದರೆ ಆ ಒಂದು ಮಾತನ್ನು ಒಬ್ಬೊಬ್ಬರು ಒಂದೊಂದು ಹಾಗೆ ತಿಳಿದುಕೊಂಡೇ ಅಲ್ಲವೇ ಇಷ್ಟೆಲ್ಲ ಆದದ್ದು. ಮೇಡಂ ಇಟ್ಟಿಗೆ ರಾಶಿಯ ಪಕ್ಕ ನಿಂತು ಹೇಳಿದ್ದು ಕಿವಿಯಲ್ಲೇ ಇತ್ತು. ಚೌಕದಲ್ಲಿ ನನ್ನ ಹೆಸರೂ ಇತ್ತು. "ಬೇಡ ಸಾರ್," ಎಂದು, 'ದನದ ಕೋಣೆ, ಒಂದು ಹಸುವಿಗೆ' ಎಂದು ಟೈಪು ಮಾಡಿದೆ. ಕಂಪ್ಯೂಟರು ಕೆಂಪು ಗುರುತು ಹಾಕಿ, ಅಧಿಕಾರಿಯ ಪರಿಶೀಲನೆಗೆ ಎಂದು ಕಳಿಸಿತು. ಸಾರ್ ಈ ಸಲ ಎಳನೀರು ತರಿಸಲಿಲ್ಲ.

ನಾಲ್ಕು ದಿನ ಉತ್ತರವಿಲ್ಲ. ದಿನಾ ಮಧ್ಯಾಹ್ನ ಮೋಡ ಕವಿಯುವುದು, ಮಳೆ ಹೊಡೆಯುವುದು, ಬಿಸಿಲು ಬರುವುದು. ದಿನಾ ಕೆಂಪಮ್ಮ ಡೇರಿಗೆ ಹಾಲು ಹಾಕಿ, ಖಾಲಿ ಕ್ಯಾನು ಹಿಡಿದು ನಮ್ಮ ಬೆಂಚಿನ ಮೇಲೆ ಬಂದು ಕೂರುವುದು. ಬಂತಾ ಎಂದು ಕಣ್ಣಲ್ಲೇ ಕೇಳುತ್ತಿದ್ದರು, ಇಲ್ಲ ಎಂದು ತಲೆಯಾಡಿಸುತ್ತಿದ್ದೆ. ಕರೆಂಟ್ ರೂಮು ಎಂದು ಬರೆದಿದ್ದರೆ ಇಷ್ಟು ಹೊತ್ತಿಗೆ ಪೂಜೆಯೇ ಆಗುತ್ತಿತ್ತು ಎಂದು ಮನಸ್ಸು ಚುಚ್ಚುತ್ತಿತ್ತು. ನನ್ನ ಹೆಸರಿನ ಚೌಕ ಕಾಪಾಡಿಕೊಳ್ಳಲು ಇವರ ಹಸುವನ್ನು ಊರು ಬಿಡಿಸುತ್ತಿದ್ದೇನೆಯೇ ಎಂದು ನಿಜಕ್ಕೂ ಅಳು ಬಂದಿತ್ತು.

ಐದನೆಯ ದಿನ ಗುಡುಗು ಜೋರಾಗಿತ್ತು. ಫ್ಯಾನು ನಿಂತು, ಕಂಪ್ಯೂಟರು ಕಪ್ಪಾಯಿತು. "ಕರೆಂಟ್ ಹೋಯ್ತು," ಎಂದರು ಸಾರ್.

ಬೆಂಚಿನ ಮೇಲೆ ತೂಕಡಿಸುತ್ತಿದ್ದ ಕೆಂಪಮ್ಮ ಧಡಕ್ಕನೆ ಎದ್ದರು, ಕ್ಯಾನು ಉರುಳಿತು. "ಎಲ್ಲಿಗ್ ಓಯ್ತು? ಅಗ್ಗ ಬಿಚ್ಚ್ಕತಾ?"

ಸಾರ್ ಮೊದಲು ನಕ್ಕರು, ಆಮೇಲೆ ನಾನು, ಆಮೇಲೆ ತಿಳಿದು ಕೆಂಪಮ್ಮನೂ. ನಾಲ್ಕು ದಿನ ಬಿಗಿಹಿಡಿದದ್ದೆಲ್ಲ ಆ ಕತ್ತಲ ಕೋಣೆಯಲ್ಲಿ ನಗುವಾಗಿ ಹೋಯಿತು. ಹಾಗೆ ನಗುತ್ತಿರುವಾಗಲೇ ನನ್ನ ಮೊಬೈಲು ಕಿಣಿ ಎಂದಿತು. ಪರವಾನಗಿ ಮಂಜೂರಾಗಿದೆ. ಕೆಳಗೊಂದು ಷರತ್ತು: ದನದ ಕೋಣೆಯನ್ನು ಒಂದು ಹಸುವಿಗೆ ಮಾತ್ರ ಬಳಸತಕ್ಕದ್ದು. ಗಟ್ಟಿಯಾಗಿ ಓದಿದೆ. ಕೆಂಪಮ್ಮ ಎರಡೂ ಕೈಯಲ್ಲಿ ನನ್ನ ಕೆನ್ನೆ ಸವರಿ ನೆಟಿಗೆ ಮುರಿದರು. ಆ ಕೈಗಳಿಗೆ ಹಾಲಿನ ವಾಸನೆ ಇತ್ತು. ಅವತ್ತಿನಷ್ಟು ಖುಷಿ ನನಗೆ ಈ ಸರ್ಕಾರಿ ಕೆಲಸ ಸಿಕ್ಕ ದಿನವೂ ಆಗಲಿಲ್ಲ.

ಮರುದಿನವೇ, ಅಮಾವಾಸ್ಯೆಗೆ ಮುಂಚೆ, ಗುದ್ದಲಿ ಪೂಜೆ ಆಯಿತು. ಮೇಸ್ತ್ರಿ ಮಾತಿಗೆ ತಪ್ಪಲಿಲ್ಲ, ದನದ ಕೋಣೆಯ ಗೋಡೆ ಮೊದಲು ಎದ್ದು, ಮೇಲೆ ಶೀಟು ಬಂತು. ಶ್ರಾವಣದ ಎರಡನೇ ವಾರ, ಗೋಡೆಗೆ ಇನ್ನೂ ನೀರು ಹೊಡೆಯುತ್ತಿರುವಾಗಲೇ, ಕರೆಂಟು ಆ ಹಸಿ ಸಿಮೆಂಟಿನ ನಡುವೆ ಒಂದು ಹೆಣ್ಣುಕರು ಹಾಕಿತು. ನಾನು ಹೋಗುವಷ್ಟರಲ್ಲಿ ಹೆಸರೂ ಇಟ್ಟಾಗಿತ್ತು. ಪ್ಲಾನು. ಷರತ್ತಿನಲ್ಲಿ ಒಂದೇ ಹಸು ಎಂದಿದೆಯಲ್ಲ ಎಂದು ನಾನು ಪೇಚಾಡಿದೆ. ಕರು ಇನ್ನೂ ಹಸುವಲ್ಲ ಎಂದು ಮರಿಸ್ವಾಮಿ ಸಾರ್ ತೀರ್ಪು ಕೊಟ್ಟರು. ಮೇಡಂ ಒಂದು ಸೇರು ಗಿಣ್ಣಿನ ಹಾಲು ತಗೊಂಡು ಹೋದರು, ದುಡ್ಡು ಕೊಟ್ಟೇ.

ಕಳೆದ ವಾರ ಮಳವಳ್ಳಿಯಿಂದ ವಾಪಸಾಗುವಾಗ ಮದ್ದೂರಿನಲ್ಲಿ ಇಳಿದು ಅಲ್ಲಿಗೆ ಹೋದೆ. ಮೇಲೆ ಒಂದು ಮಹಡಿ ಎದ್ದಿದೆ. ಕರೆಂಟಿಗೆ ವಯಸ್ಸಾಗಿದೆ, ತನ್ನ ಕೋಣೆಯಲ್ಲಿ ಕೂತು ಮೆಲುಕು ಹಾಕುತ್ತಿತ್ತು. ಕಾರಿನ ಜಾಗದಲ್ಲಿ ತಾಯಿಗಿಂತ ದಪ್ಪಗಾದ ಪ್ಲಾನು ನಿಂತಿತ್ತು.

ಕೆಂಪಮ್ಮ ನನ್ನ ಕಣ್ಣು ಹೋದ ಕಡೆ ನೋಡಿದರು. "ಈಗ ನೀನೂ ಮೇಡಮ್ಮ. ಬರ್ಕ, ನೋಟೀಸ್ ಕೊಡು."

"ಮದ್ದೂರು ನನ್ನ ವ್ಯಾಪ್ತಿಗೆ ಬರಲ್ಲ ಅವ್ವ."

"ಅಂಗಾರೆ ಕಾಪಿ ಕುಡಿ, ಕೂತ್ಕ."

ಕೂತೆ, ಆ ಅರ್ಧ ಕತ್ತರಿಸಿದ ಹಾಲಿನಲ್ಲಿ. ಗೋಡೆಯ ಮೇಲೆ ದೇವರ ಪಟಗಳ ಪಕ್ಕ ನನ್ನ ಪ್ಲಾನಿಗೂ ಕಟ್ಟು ಹಾಕಿಸಿದ್ದಾರೆ. ಮೂಲೆಯ ಚೌಕದಲ್ಲಿ ನನ್ನ ಹೆಸರು, ಒಂದು ಹಸುವಿಗೆ ಎಂಬ ಅಕ್ಷರದ ಮೇಲೆ ಕುಂಕುಮ. ಅದನ್ನು ನೋಡುತ್ತಾ ಕಾಫಿ ಕುಡಿಯುವಾಗ, ಬೆಳಗ್ಗೆ ನೋಡಿದ ಮಳವಳ್ಳಿಯ ಪ್ಲಾನು ನೆನಪಾಯಿತು. ಅದರಲ್ಲಿ ಮುಂಭಾಗದಲ್ಲೇ ಒಂದು ಸ್ಟೋರ್ ರೂಮು, ನಾಲ್ಕಡಿ ಬಾಗಿಲು, ಮೂಲೆಯಲ್ಲಿ ಮೋರಿ. ಆ ಸೈಟಿನಲ್ಲಿ ಬಂದ ಹಿಂಡಿಯ ವಾಸನೆ ಎಲ್ಲಿಂದ ಎಂದೂ ಆಗ ಹೊಳೆಯಿತು. ಅಲ್ಲೇ ಕೂತು ಯಜಮಾನರಿಗೆ ಫೋನು ಮಾಡಿದೆ.

"ಸ್ಟೋರ್ ರೂಮಿಗೆ ಮೋರಿ ಯಾಕೆ?"

"ಎಮ್ಮೆ ಅದೆ ಮೇಡಂ," ಎಂದರು ಸಣ್ಣ ದನಿಯಲ್ಲಿ. "ಒಂದೇ ಒಂದು. ಬರುದ್ರೆ ಪಾಸ್ ಮಾಡಕಿಲ್ಲ ಅಂದ್ರು."

"ಎಮ್ಮೆ ಅಂತಲೇ ಬರೆದು ತಿದ್ದಿ ಹಾಕಿ, ನಾನು ನೋಡ್ತೀನಿ. ಗಬ್ಬ ಏನಾದ್ರೂ ಇದೆಯಾ?"

"ಐದ್ ತಿಂಗ್ಳು ಮೇಡಂ."

"ಹಂಗಾದ್ರೆ ಎರಡು ಅಂತ ಬರೀರಿ," ಎಂದೆ.